ಹೊನ್ನೆಮರದ ಮೇಲಿನ ಕೆಸರು

ಅದು ಬೇಸಿಗೆಯ ಕೊನೆಯ ಒಂದು ಸಂಜೆ.

ಮಕ್ಕಳೇ, ಆ ಕಾಡಿನಲ್ಲಿ ಎರಡು ಹೆಬ್ಬಂಡೆಗಳ ನಡುವೆ ಒಂದು ದಾರಿಯಿತ್ತು. ದಾರಿಯ ಮಧ್ಯೆ ಬಟ್ಟಲಿನಂತಹ ತಗ್ಗು. ಆ ತಗ್ಗಿನಲ್ಲಿ ಚಿತ್ರಕ್ಕನೆಂಬ ಗೌಜಲಕ್ಕಿ ಗೂಡು ಕಟ್ಟಿದ್ದಳು. ಅವಳ ಮೂರು ಮರಿಗಳು ಅಂದೇ ಮೊಟ್ಟೆಯೊಡೆದು ಹೊರಬಂದಿದ್ದವು.

ಆಮೆ ಮಂದಪ್ಪ ಏದುಸಿರು ಬಿಡುತ್ತಾ ಬಂದ. "ಚಿತ್ರಾ, ಮರಿಗಳನ್ನು ಬಂಡೆಯ ಸಂದಿಗೆ ಕರೆದುಕೊಂಡು ಹೋಗು. ಈಗಲೇ!"

"ಸುಧಾರಿಸಿಕೊಳ್ಳಿ ಅಜ್ಜ, ಆಮೇಲೆ ಹೆದರಿಸುವಿರಂತೆ," ಎಂದು ಚಿತ್ರಕ್ಕ ನಕ್ಕಳು. "ನಾನು ಕಾವಿಗೆ ಕುಳಿತಂದಿನಿಂದ ಈ ದಾರಿಯಲ್ಲಿ ಇರುವೆಗಿಂತ ದೊಡ್ಡದು ಯಾವುದೂ ಹಾದಿಲ್ಲ. ಇಂದೂ ಹಾಯುವುದಿಲ್ಲ. ಇದು ತರ್ಕ!"

"ತರ್ಕವೇ ಸರಿ. ತಿಂದ ನೇರಳೆಯೆಲ್ಲ ಸಿಹಿಯಾಗಿತ್ತು, ಮುಂದಿನದೂ ಸಿಹಿಯೇ ಎನ್ನುವ ಬಗೆಯದು. ಒಂದೇ ಒಂದು ಹುಳಿ ಹಣ್ಣು ಸಿಕ್ಕರೆ ಮುರಿದು ಬೀಳುತ್ತದೆ."

"ಎಲ್ಲಿದೆ ಆ ಹುಳಿ ಹಣ್ಣು? ತೋರಿಸಿ ನೋಡೋಣ."

ಮಂದಪ್ಪ ಕತ್ತು ಚಾಚಿ ಪಕ್ಕದ ಹೊನ್ನೆಮರವನ್ನು ತೋರಿಸಿದ. ಜಿಂಕೆಯ ಕೊಂಬಿಗೂ ಎಟುಕದ ಎತ್ತರದಲ್ಲಿ, ಕಾಂಡಕ್ಕೆ ಒಣಗಿದ ಕೆಸರು ಮೆತ್ತಿತ್ತು.

"ಗೂಡಿನಾಚೆ ನಿನ್ನ ಗರಿ ಬಿದ್ದಿದ್ದರೆ, ನೀನು ಹೊರಗೆ ಬಂದಿದ್ದೆ ಎಂದು ನೋಡದೆಯೇ ತಿಳಿಯುತ್ತೇನೆ. ಗುರುತಿನಿಂದ ಕಾರಣಕ್ಕೆ ಹೋಗುವುದೂ ತರ್ಕವೇ. ಹೇಳು, ಅಷ್ಟು ಎತ್ತರದಲ್ಲಿ ಮೈ ಉಜ್ಜಿದವರು ಯಾರು?"

ಚಿತ್ರಕ್ಕ ತಲೆಯೆತ್ತಿದಳು. ಕತ್ತು ನೋಯುವವರೆಗೂ ಎತ್ತಿದಳು. "ಅಷ್ಟು ದೊಡ್ಡ ಮೈ ಇರುತ್ತದೆಯೇ, ಅಜ್ಜ?"

"ಇದೆ. ಮೈಯಿದ್ದ ಮೇಲೆ ನೀರು ಬೇಕು. ಮೇಲಿನ ಮಡು ಬತ್ತಿತು. ನಾನು ಅಲ್ಲಿಂದಲೇ ಬರುತ್ತಿದ್ದೇನೆ. ಇನ್ನು ನೀರಿರುವುದು ಕೆಳಗಿನ ಕೆರೆಯಲ್ಲಿ ಮಾತ್ರ. ಅಲ್ಲಿಗೆ ದಾರಿ ಇದೊಂದೇ."

ಉಳಿದ ಮಾತನ್ನು ಅವನು ಆಡಲಿಲ್ಲ. ಅದು ಚಿತ್ರಕ್ಕನ ಎದೆಯಲ್ಲಿ ತಾನಾಗಿಯೇ ಬಂದು ನಿಂತಿತು. ಒಪ್ಪಿದ ಮಾತುಗಳಿಂದ ಹುಟ್ಟುವ ತೀರ್ಮಾನ ಯಾರ ಅಪ್ಪಣೆಗೂ ಕಾಯುವುದಿಲ್ಲ.

"ಏಳಿ, ಕಂದಗಳೇ! ಓಡಿ!"

ಮಂದಪ್ಪನ ಬೆನ್ನಿಗೇ ಕೊನೆಯ ಮರಿ ಸಂದಿಗೆ ನುಸುಳಿತಷ್ಟೇ, ನೆಲ ಮೆಲ್ಲನೆ ಮಿಡಿಯಿತು.

ಆನೆಗಳು ಬಂದವು. ಮಂದಪ್ಪ ಒಂದನ್ನು ಊಹಿಸಿದ್ದ, ಬಂದದ್ದು ಹಿಂಡು. ಗೂಡು ಮೊದಲ ಹೆಜ್ಜೆಗೇ ಹುಡಿಯಾಯಿತು. ಆಕಾಶವೇ ಕಾಣದಂತೆ ಆ ಮೈಗಳು ಸಾಗಿದವು. ಆದರೂ ಅಷ್ಟು ದೊಡ್ಡ ಪಾದಗಳಿಂದ ತರಗೆಲೆಯ ಸದ್ದಿಗಿಂತ ಹೆಚ್ಚಿನದು ಕೇಳಲಿಲ್ಲ. ಎಲ್ಲಕ್ಕೂ ಹಿಂದೆ ಒಂದು ಮರಿಯಾನೆ ತನ್ನ ಸೊಂಡಿಲನ್ನು ತಾನೇ ತುಳಿದು ಮುಗ್ಗರಿಸಿತು. ತಾಯಿ ನಿಂತಳು. ಇಡೀ ಹಿಂಡು ನಿಂತಿತು. ಮರಿ ಎದ್ದ ಮೇಲೆಯೇ ಎಲ್ಲವೂ ಹೊರಟವು.

ಬಹಳ ಹೊತ್ತು ಚಿತ್ರಕ್ಕ ರೆಕ್ಕೆಯನ್ನು ಮರಿಗಳ ಮೇಲಿಂದ ತೆಗೆಯಲಿಲ್ಲ.

"ಅಜ್ಜ, ಇದನ್ನೂ ತರ್ಕದಿಂದ ತಿಳಿದಿದ್ದಿರಾ?"

"ಇಲ್ಲ, ತಾಯೀ. ಬರುತ್ತಾರೆಂದು ತಿಳಿದಿದ್ದೆ. ಹೀಗೆ ಬರುತ್ತಾರೆಂದು ತಿಳಿದಿರಲಿಲ್ಲ."

ಅಂದು ಆ ಸಂದಿಯಲ್ಲಿದ್ದವರು: ಗೌಜಲಕ್ಕಿ ಚಿತ್ರಕ್ಕ, ಅವಳ ಮಕ್ಕಳಾದ ಬೊಟ್ಟು, ಚುಂಚಿ ಮತ್ತು ಹರಳು, ಆಮೆ ಮಂದಪ್ಪ.

ನೀತಿ: ನಿನ್ನೆಯವರೆಗೆ ಬಾರದ್ದು ಇಂದೂ ಬಾರದೆಂದು ನಂಬಿ ಕೂರಬಾರದು, ಕಣ್ಣೆದುರಿನ ಗುರುತನ್ನು ನೋಡಿ, ಯೋಚಿಸಿ, ತಡಮಾಡದೆ ನಡೆಯಬೇಕು.