ಮೂರನೆಯ ಹೊರೆಗಲ್ಲು

"ಗುರುಗಳೇ, ಕಣ್ಣೆದುರಿಗೇ ಬೆಟ್ಟ ಬೋಳಾಗುತ್ತಿದೆ. ಹೇಳಿದರೆ ಊರವರು ನಗುತ್ತಾರೆ. ಇನ್ನೆಷ್ಟು ದಿನ ತಾಳ್ಮೆಯಿಂದ ಹೇಳಲಿ?"

ಕೇಳಿದವನು ಶಿಷ್ಯ ಮರಿದೇವ. ಊರಿನಲ್ಲಿ ಜಗಳವಾಡಿ ಆಗಷ್ಟೇ ಮಠಕ್ಕೆ ಮರಳಿದ್ದ. ಬಿಸಿನೀರಿನಲ್ಲಿ ಮಿಂದರೂ ಸಿಟ್ಟು ಇಳಿದಿರಲಿಲ್ಲ. ಕೂರು ಎಂದರೆ ಕೂರುತ್ತಿದ್ದ, ಮತ್ತೆ ಏಳುತ್ತಿದ್ದ.

"ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಕತೆ ಹೇಳುವುದು ಕಷ್ಟ," ಎಂದರು ಗುರುಗಳು. "ಆದರೂ ಕೇಳು."

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮಡಕೆ ಸುಡುವ ಅವನ ಆವಿಗೆಗೆ ಕಾಡಿನ ಸೌದೆಯೇ ಗತಿ. ಅವನು ಮಡಕೆ ತಿರುಗಿಸುವ ತಿಗರಿ ಬಿಟ್ಟು ಏಳುತ್ತಿರಲಿಲ್ಲ. ಸೌದೆ ಹೊತ್ತು ತರುವವಳು ಹೆಂಡತಿ. ಕಾಡಿನ ದಾರಿಯಲ್ಲಿ ತಲೆಯೆತ್ತರದ ಎರಡು ಹೊರೆಗಲ್ಲುಗಳಿದ್ದವು. ತಲೆಯ ಹೊರೆಯನ್ನು ಅವುಗಳ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಮೊದಲನೆಯದನ್ನು ನಿಲ್ಲಿಸಿದವನು ಕುಂಬಾರನ ಅಜ್ಜ, ಎರಡನೆಯದನ್ನು ಅಪ್ಪ. ತಮ್ಮಂಥ ಪುಣ್ಯದ ಮನೆತನ ಇನ್ನೊಂದಿಲ್ಲ ಎಂದು ಅವನಿಗೆ ಬಲು ಹೆಮ್ಮೆ.

ಪಕ್ಕದ ಮನೆಯ ನೇಕಾರನಿಗೆ ಮಾತ್ರ ಸಮಾಧಾನವಿರಲಿಲ್ಲ. ಕಾಡು ಕರಗುತ್ತಿದೆ, ಕೇರಿಯ ಕುಂಬಾರರೆಲ್ಲ ಸೇರಿ ಒಂದೇ ಆವಿಗೆ ಸುಡಿ ಎಂದು ಕಂಡಲ್ಲೆಲ್ಲ ವಾದಿಸುತ್ತಿದ್ದ.

"ನನ್ನ ಅಂಗಳಕ್ಕೆ ಒಂದು ದಿನಾನೂ ಸೌದೆ ತಪ್ಪಿಲ್ಲ, ಹೋಗಯ್ಯ! ಮಗ್ಗದ ಮುಂದೆ ಕೂರೋನಿಗೆ ಬೆಂಕಿ ಕೆಲಸ ಏನು ಗೊತ್ತು?" ಎಂದ ಕುಂಬಾರ.

ನೇಕಾರ ನಾಲ್ಕು ಜನರ ಮುಂದೆ ಅವನನ್ನು ಮೂರ್ಖ ಎಂದ. ಹಟಕ್ಕೆ ಬಿದ್ದ ಕುಂಬಾರ ಆ ವರ್ಷ ಎರಡು ಆವಿಗೆ ಹೆಚ್ಚಿಗೆ ಸುಟ್ಟ. ಆ ಹೊಗೆ ನೋಡಿದಾಗ ನೇಕಾರನಿಗೆ ಹೊಳೆಯಿತು: ತನ್ನ ಮಾತೇ ಆ ಎರಡು ಆವಿಗೆಗೆ ಸೌದೆ ಒಟ್ಟಿತ್ತು.

ಅಂದಿನಿಂದ ವಾದ ಬಿಟ್ಟ. ಸೌದೆಗೆ ಹೋಗುವ ಹೆಂಗಸರ ಹಿಂದೆ ತಾನೂ ಹೋಗಿ ಎಂಟು ದಿನ ಹೊರೆ ಹೊತ್ತ. ಊರವರು ನಕ್ಕರು. ಕತ್ತು ನೋಯಿತು, ನಾಲಗೆ ತುರಿಸಿತು. ಆದರೂ ಸುಮ್ಮನಿದ್ದ.

ಅಷ್ಟರಲ್ಲಿ ಕುಂಬಾರ ಮೂರನೆಯ ಹೊರೆಗಲ್ಲು ನಿಲ್ಲಿಸಲು ಹೊರಟ. ಎರಡನೆಯ ಕಲ್ಲಿನಾಚೆ, ಬಟ್ಟಬಯಲಿನಲ್ಲಿ, ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಊರವರನ್ನೆಲ್ಲ ಕರೆದ. ನೇಕಾರನೂ ಬಂದು ಕಲ್ಲಿಗೆ ಕೈಕೊಟ್ಟ. ಎತ್ತುವಾಗ ಕೇಳಿದ: "ನಿಮ್ಮಜ್ಜ ಯಾಕಣ್ಣ ಒಂದೇ ನಿಲ್ಲಿಸಿದ್ದು?"

"ಒಂದೇ ಸಾಕಿತ್ತು ಕಣಯ್ಯ. ಆಗ ಕಾಡು ಆ ಎರಡನೇ ಕಲ್ಲಿನವರೆಗೂ..." ಕುಂಬಾರನ ಮಾತು ಅಲ್ಲಿಗೇ ನಿಂತಿತು. ತಿರುಗಿ ಹೆಂಡತಿಯ ಮುಖ ನೋಡಿದ.

"ನನ್ನ ಕತ್ತಿಗೆ ಯಾವತ್ತೋ ಗೊತ್ತಿತ್ತು," ಎಂದಳು ಅವಳು. "ನೀವು ಕೇಳಲಿಲ್ಲ."

ನಾನು ಹೇಳಿರಲಿಲ್ಲವೇ ಎಂದು ನೇಕಾರ ಅನ್ನಲಿಲ್ಲ. ಕುಂಬಾರ ಕಲ್ಲನ್ನು ಅಲ್ಲೇ ಮಲಗಿಸಿ ಮನೆಗೆ ನಡೆದ. ಮುಂದಿನ ವಾರ ಕೇರಿಯ ಐದು ಮನೆಗಳ ಮಡಕೆಗಳು ಒಂದೇ ಆವಿಗೆಯಲ್ಲಿ ಬೆಂದವು.

ಗುರುಗಳು ಕತೆ ಮುಗಿಸುವಷ್ಟರಲ್ಲಿ ಮರಿದೇವ ಮತ್ತೆ ಎದ್ದು ನಿಂತಿದ್ದ.

"ಅಷ್ಟರಲ್ಲಿ ಎಷ್ಟು ಮರ ಹೋದವೋ! ನನ್ನಿಂದ ಅಷ್ಟು ತಡೆಯಲಾಗದು. ಈಗಲೇ ಊರಿಗೆ ಹೋಗಿ ಈ ಕಲ್ಲುಗಳ ಕತೆಯನ್ನೇ ಹೇಳುತ್ತೇನೆ."

"ಹೋಗಪ್ಪ. ಹೋಗುವ ಮುಂಚೆ ಒಂದು ಹೇಳು: ಈಗ ನೀನು ಮಿಂದ ನೀರನ್ನು ಕಾಯಿಸಿದ ಸೌದೆ ಎಷ್ಟು ಹೊರೆಗಲ್ಲು ದಾಟಿ ಬಂತು?"

ಮರಿದೇವ ಕುಳಿತುಕೊಂಡ.