ಮಾಮಲೇದಾರರಿಗೆ ಬಿಸಿ ಹೋಳಿಗೆ

ಯುಗಾದಿಯ ಮುಂಜಾನೆ ದೇಸಾಯರು ಅಡುಗೆಯ ತುಳಸಕ್ಕನಿಗೆ ಅಪ್ಪಣೆ ಕೊಟ್ಟರು. "ತಾಲೂಕಿನ ಮಾಮಲೇದಾರ ಸಾಹೇಬ್ರು ಬರೂತನಕಾ ನೈವೇದ್ಯ ಇಲ್ಲ. ಅವರು ಎಲಿಗೆ ಕೂತಾಗ ಹೋಳಿಗಿ ಬಿಸಿ ಇರಬೇಕು. ಆರಿದ್ದರ ನಾಳಿಯಿಂದ ನೀ ಬರಬ್ಯಾಡ."

ಸಾಹೇಬರು ಎಷ್ಟು ಹೊತ್ತಿಗೆ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ನೈವೇದ್ಯವಾಗದೆ ಯಾರೂ ಉಣ್ಣುವಂತಿಲ್ಲ. ಹಬ್ಬದೂಟಕ್ಕೆ ಬಂದ ನೂರು ಮಂದಿ ಪಡಸಾಲೆಯಲ್ಲಿ ಹಸಿದು ಕೂತಿದ್ದರು.

ತುಳಸಕ್ಕ ಹತ್ತು ಹೋಳಿಗೆಗಾಗುವಷ್ಟು ಕಣಕ, ಹೂರಣ ಬೇರೆ ತೆಗೆದಿಟ್ಟು ಉಳಿದದ್ದನ್ನೆಲ್ಲ ಬೇಯಿಸಿದಳು. ಹನ್ನೆರಡಕ್ಕೆ ಸರಿಯಾಗಿ, ಹಬೆಯಾಡುವ ನೈವೇದ್ಯ ಹಿಡಿದು ಎಲ್ಲರೆದುರು ದೇವರಮನೆಗೆ ನಡೆದಳು.

"ಸಾಹೇಬ್ರು ಇನ್ನೂ ಬಂದಿಲ್ಲ!" ದೇಸಾಯರು ಪಿಸುಗುಟ್ಟಿದರು.

ತುಳಸಕ್ಕ ತಲೆ ತಗ್ಗಿಸಿಯೇ, ಪಡಸಾಲೆಗೆಲ್ಲ ಕೇಳುವಂತೆ ಅಂದಳು: "ಹಂಗಾದ್ರ ಸ್ವಲ್ಪ ತಡಿ ಅಂತ ದೇವರಿಗೆ ನಾ ಹೇಳ್ಲ್ಯೋ, ನೀವು ಹೇಳ್ತೀರೋ?"

ದೇಸಾಯರು ಗಂಟೆ ಬಾರಿಸಿದರು. ನೂರು ಮಂದಿಯೂ ಬಿಸಿಬಿಸಿ ಉಂಡೆದ್ದರು.

ಸಾಹೇಬರು ಬಂದದ್ದು ಮೂರಕ್ಕೆ. ಹಂಚಿನ ಮೇಲಿನ ಹೋಳಿಗೆ ನೇರ ಅವರ ಎಲೆಗೆ ಬಂತು. "ಎಲ್ಲಾರ ಊಟ ಆತಲ್ರೀ?" ಎಂದು ಕೇಳಿದರು. "ನನ್ನ ಸಲುವಾಗಿ ಉಪವಾಸ ಕೂತಾರೇನೋ ಅಂತ ದಾರಿತುಂಬ ಸಂಕಟ ಆಗಿತ್ತು."

"ಛೇ ಛೇ, ನಾನ ಮುಂದ ನಿಂತು ಊಟ ಮಾಡಿಸೇನ್ರಿ," ಅಂದರು, ಅವರಿಗಾಗಿ ಕಾದು ಪಕ್ಕದ ಎಲೆಗೆ ಇನ್ನೂ ಹಸಿದೇ ಕೂತಿದ್ದ ದೇಸಾಯರು.

ತುಳಸಕ್ಕ ದೇಸಾಯರ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಸುರಿದಳು.