ಪೆಡಲಿನ ಜಪ

ನದಿ ದಂಡೆಯ ಆ ಮಠದಲ್ಲಿ ಗುರುಗಳನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಶಿಷ್ಯ ಅಡಿವೆಯ್ಯನಿಗೆ ಅವರು ಕೊಟ್ಟ ಕೆಲಸ ಒಂದೇ. ದಿನಾ ಮಧ್ಯಾಹ್ನ ಸೈಕಲ್ ಮೇಲೆ ಹೋಗಿ ಪಕ್ಕದೂರಿನ ಬಾಳವ್ವನಿಗೆ ಊಟ ಮುಟ್ಟಿಸುವುದು.

ಬಾಳವ್ವ ಒಂಟಿ ಮುದುಕಿ. ಸಕ್ಕರೆ ಕಾಯಿಲೆ. ಹನ್ನೆರಡಕ್ಕೆ ಗುಳಿಗೆ ನುಂಗಿ ಬಾಗಿಲಲ್ಲಿ ಕೂರುತ್ತಿದ್ದಳು. ಊಟ ತಡವಾದರೆ ತಲೆ ತಿರುಗುತ್ತಿತ್ತು.

ಒಂದು ದಿನ, ಪೆಡಲ್ ಒಂದೊಂದು ಸುತ್ತಿಗೂ ‘ಕಟಕ್’ ಎನ್ನತೊಡಗಿತು.

ಅಡಿವೆಯ್ಯ ಇಳಿದು ನೋಡಲಿಲ್ಲ. ಕಟಕ್ ಎಂದಾಗೊಮ್ಮೆ ‘ಶಿವ’ ಎಂದ. ಊರು ಮುಟ್ಟುವಷ್ಟರಲ್ಲಿ ಸಾವಿರವಾಗಿತ್ತು. ಜಪಮಾಲೆ ಹಿಡಿದರೆ ನೂರಕ್ಕೇ ತೂಕಡಿಸುತ್ತಿದ್ದವನು ಹಿಗ್ಗಿಹೋದ. ಲಕ್ಷ ತುಂಬಿದ ಮೇಲೆ ಅಜ್ಜನಿಗೆ ಹೇಳಬೇಕೆಂದುಕೊಂಡ.

“ತಮ್ಮಾ, ನಿನ್ನ ಗಾಡಿ ಹಲ್ಲು ಕಡೀಲಿಕ್ಕತ್ತೇತಿ. ಯಾರಿಗಾದ್ರೂ ತೋರಿಸು,” ಎಂದಳು ಬಾಳವ್ವ.

“ಅದು ಜಪ ಮಾಡ್ತೇತಿ ಬೇ.”

“ಹಂಗಾದ್ರ ಅದಕ್ಕೂ ಒಂದು ಕಾವಿ ಹೊದಿಸು.”

ಹತ್ತನೆಯ ದಿನ ನಡುದಾರಿಯಲ್ಲಿ ಪೆಡಲಿನ ಪಿನ್ನು ಕಳಚಿ ಬಿತ್ತು. ಪೆಡಲ್ ಜೋತುಬಿದ್ದಿತು. ಅಡಿವೆಯ್ಯ ಪಿನ್ನನ್ನು ಹುಡುಕಿ ತೆಗೆದ, ಸೈಕಲ್ಲನ್ನು ಬೇಲಿಗೆ ಒರಗಿಸಿದ, ಊಟದ ಡಬ್ಬಿ ಎತ್ತಿಕೊಂಡು ಓಡಿದ.

ಬಾಳವ್ವ ಹೊಸ್ತಿಲ ಮೇಲೆ ಬಿದ್ದಿದ್ದಳು. ಮೈ ಬೆವರಿ ತಣ್ಣಗಾಗಿತ್ತು. ಪಕ್ಕದ ಮನೆಯಾಕೆ ಬೆಲ್ಲದ ನೀರು ಕುಡಿಸುತ್ತಿದ್ದಳು.

ಎಷ್ಟೋ ಹೊತ್ತಿಗೆ ಬಾಳವ್ವ ಕಣ್ಣು ತೆರೆದಳು. “ಬಂದೇನೋ ತಮ್ಮಾ? ನಿನಗಿಂತ ಮೊದಲ ಯಮ ಬರ್ತಾನಂತ ಮಾಡಿದ್ದೆ.”

ಸಂಜೆ ಅಡಿವೆಯ್ಯ ಸೈಕಲ್ ತಳ್ಳಿಕೊಂಡು ಮಠಕ್ಕೆ ಬಂದ. ನಡೆದದ್ದೆಲ್ಲ ಹೇಳಿದ.

“ಸಪ್ಪಳ ಯಾವಾಗಿಂದ ಇತ್ತು?” ಅಜ್ಜ ಕೇಳಿದರು.

“ಒಂಬತ್ತು ದಿನದಿಂದ್ರೀ ಅಜ್ಜಾರ.”

“ನಿನಗ ಕೇಳಿಸಲಿಲ್ಲೇನು?”

“ಕೇಳಿಸ್ತ್ರೀ. ಎಣಿಸಿದೆ.”

“ಎಷ್ಟಾತು?”

“ಹೋಗೂದು ಬರೂದು ಸೇರಿ ಹದಿನೆಂಟು ಸಾವಿರ.”

ಅಜ್ಜ ಕಾವಿಯನ್ನು ಮೇಲೆತ್ತಿ ಕಟ್ಟಿ ನೆಲದ ಮೇಲೆ ಕೂತರು. ಪಿನ್ನು ಕೂರಿಸಿ ಸುತ್ತಿಗೆಯಿಂದ ಬಡಿದರು. ನಟ್ಟು ಬಿಗಿದರು. ಪೆಡಲ್ ತಿರುಗಿಸಿ, ಕಿವಿಯಿಟ್ಟು ಕೇಳಿದರು.

ಮರುದಿನ ಅಡಿವೆಯ್ಯ ಹೋಗಿ ಬಂದ. ಮುಖ ಸಪ್ಪಗಿತ್ತು.

“ಅಜ್ಜಾರ, ಸೈಕಲ್ ಸಪ್ಪಳಾನ ಮಾಡಲಿಲ್ರೀ. ಇವತ್ತು ಜಪ ಒಂದೂ ಆಗಲಿಲ್ಲ.”

“ಬಾಳವ್ವ ಉಂಡಳೇನು?”

“ಉಂಡಳ್ರೀ. ಅನ್ನ ಇನ್ನೂ ಬಿಸಿ ಐತಿ ಅಂದಳು.”

“ಹಂಗಾದ್ರ ಒಂದು ಆತು.”